ಸಮುದ್ರದ ಮೋಜಣಿ

ಹೊಲ ಅಳೆಯುವ ಮೋಜಣಿದಾರ ಮಶಾಕಸಾಬರು ನಿವೃತ್ತರಾದ ಮೇಲೂ ಅಳೆಯುವುದನ್ನು ಬಿಡಲಿಲ್ಲ. ಈಗ ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ಕೂತು, ತಾವು ಎಂದೂ ನೋಡದ ಸಮುದ್ರವನ್ನು ಕಾಗದದ ಮೇಲೆ ಹಂಚುತ್ತಾರೆ: ದಂಡೆಯ ನೀರು ಸಣ್ಣ ದೋಣಿಗಳಿಗೆ, ಆಚೆಯದು ಹೊಸದಾಗಿ ಬಂದ ಯಂತ್ರದ ದೋಣಿಗಳಿಗೆ, ಮಳೆಗಾಲದಲ್ಲಿ ಯಾರಿಗೂ ಇಲ್ಲ. “ಸಾಬರ, ನೀರಾಗ ಗಡಿ ಬಾಂದುಗಲ್ಲು ಹೆಂಗ ನಿಲ್ತಾವ್ರಿ?” ಎಂದು ಸಾರವಾಡದ ಬಸಗೊಂಡಪ್ಪ ಕೆಣಕಿದರೆ, “ಲೇ, ನಿಮ್ಮ ಅಣ್ಣತಮ್ಮರ ಬಾವಿ ನೀರಿಗಿ ಪಾಳಿ ಇಲ್ಲೇನು? ಮೀನಿಗೂ ಒಂದು ಪಾಳಿ ಬಿಡಬೇಕೋ, ಮಳಿಗಾಲದಾಗ ಮರಿ ಮಾಡ್ತಾವ” ಎನ್ನುತ್ತಾರೆ. ಮೂವತ್ತು ವರ್ಷ ಯಾರ ಹೊಲದ ಬಾಂದನ್ನೂ ಬೆರಳಗಲ ಸರಿಸದ ಕೈ ಅದು. ಆದರೆ ಕಾರವಾರಕ್ಕೆ ಕೊಟ್ಟ ಮಗಳು ಹುಸೇನಬಿ, ಯಂತ್ರದ ದೋಣಿ ತಮ್ಮ ಸಣ್ಣ ದೋಣಿಯ ಬಲೆಯನ್ನು ಮತ್ತೆ ಹರಿದು ಹೋಯಿತೆಂದು ಬರೆದಂದಿನಿಂದ, ಸಣ್ಣ ದೋಣಿಗಳ ಗೆರೆ ಪ್ರತಿ ಹೊಸ ನಕ್ಷೆಯಲ್ಲೂ ಒಂದು ಬೆರಳು ಆಚೆ ಸರಿಯುತ್ತಿದೆ.