ಮುನ್ಷಿಯ ಕೆಮ್ಮು

ಎಪ್ಪತ್ತರ ದಶಕದ ನಡುವಿನಲ್ಲಿ ಹೈಸ್ಕೂಲಿನ ಹಂಗಾಮಿ ಕನ್ನಡ ಪಂಡಿತನ ಹುದ್ದೆ ನನ್ನನ್ನು ಬಿಟ್ಟುಹೋಯಿತು. ಬಾಗೂರಿನ ಮನೆಯ ಜಗುಲಿಯಲ್ಲಿ ಕೂತು ಕನ್ನಡದ ಭವಿಷ್ಯವನ್ನು ಕುರಿತು ಗಾಢವಾಗಿ ಚಿಂತಿಸುತ್ತಿದ್ದೆ, ಬೇರೆ ಕೆಲಸವಿರಲಿಲ್ಲ. ಆಗ ಹೊಳಲ್ಕೆರೆಯ ಹೊರಗಿದ್ದ ಪಾದ್ರಿಗಳ ತರಬೇತಿ ಕೇಂದ್ರದಿಂದ ಕಾಗದ ಬಂತು. ಸಮುದ್ರದಾಚೆಯಿಂದ ಹೊಸದಾಗಿ ಬಂದ ಮಿಷನರಿಗಳನ್ನು ಆರು ತಿಂಗಳು ಅಲ್ಲಿಟ್ಟುಕೊಂಡು, ನೆಲದ ಮೇಲೆ ಕೂರುವುದು, ಮುದ್ದೆಯನ್ನು ಅಗಿಯದೆ ನುಂಗುವುದು, ಕನ್ನಡ ಆಡುವುದು ಇವಿಷ್ಟನ್ನು ಕಲಿಸಿ ಊರುಗಳಿಗೆ ಕಳಿಸುತ್ತಿದ್ದರು. ಭಾಷೆ ಕಲಿಸುವವನಿಗೆ ಅಲ್ಲಿ ಮುನ್ಷಿ ಎಂಬ ಬಿರುದು. ಹಿಂದಿನ ಮುನ್ಷಿ ತೀರಿಕೊಂಡಿದ್ದರಿಂದ ಬಿರುದು ಖಾಲಿ ಬಿದ್ದಿತ್ತು.

ಹೋದ ದಿನ ಹತ್ತು ಗಂಟೆಯ ಬಿಸಿಲು. ವರಾಂಡ ಹತ್ತುವಾಗಲೇ ಒಳಗಿನಿಂದ ವಯಸ್ಸಾದವರೊಬ್ಬರ ದನಿ ಕೇಳಿತು. ಎದೆಯಲ್ಲಿ ಕಫ ಕಟ್ಟಿದ, ನಮ್ಮ ಕಡೆಯದೇ ದನಿ.

“ಬರ್ರಿ, ಒಳಗೆ ಬರ್ರಿ. ಚಪ್ಲಿ ಅಲ್ಲೇ ಬಿಡ್ರಿ. ಕುಂತ್ಕಳ್ರಿ.” ಎರಡು ಸಲ ಕೆಮ್ಮು. “ಏನಪ್ಪ, ನಿಮ್ಮ ಕಡೆ ಮಳೆ ಹೆಂಗೈತೆ?”

ಚಪ್ಪಲಿ ಬಿಟ್ಟು ಒಳಗೆ ಹೋದೆ. ಕೋಣೆಯಲ್ಲಿದ್ದವನು ಒಬ್ಬನೇ: ಇಪ್ಪತ್ತೈದರ ಆಸುಪಾಸಿನ, ಬಿಸಿಲಿಗೆ ಮೂಗು ಸುಲಿದಿದ್ದ, ಜೋಳದ ದಂಟಿನ ಬಣ್ಣದ ಕೂದಲಿನ ಬಿಳಿಯ. ಎದ್ದು ಕೈ ಮುಗಿದ. ಮತ್ತೆ ಚಾಪೆಯ ಮೇಲೆ ಕೂರುವಾಗ ಮೊಣಕಾಲಿಗೆ ಕೈಯೂರಿ, ನಾಲ್ಕು ಹೆಣ್ಣುಮಕ್ಕಳ ಮದುವೆ ಮಾಡಿ ಮುಗಿಸಿದವನ ಹಾಗೆ “ಅಪ್ಪಾ ಶಿವನೇ” ಎಂದ.

ಕ್ರಿಸ್ತನ ಸುವಾರ್ತೆ ಸಾರಲು ಸಾವಿರಾರು ಮೈಲಿ ಬಂದವನು ಚಾಪೆಯ ಮೇಲೆ ಕೂರಲು ಶಿವನ ನೆರವು ಕೇಳಿದರೆ ನಗು ಬರಬೇಕು. ಬರಲಿಲ್ಲ. ತುಟಿ ಅವನದು ಆಡುತ್ತಿತ್ತು; ಮಾತು ಅದರ ಹಿಂದೆ ಎಲ್ಲೋ ಕೂತವರು ಆಡಿದಂತಿತ್ತು.

ಕೇಂದ್ರದ ಮುಖ್ಯಸ್ಥೆಯನ್ನು ಎಲ್ಲರೂ ದೊರೆಸಾನಮ್ಮ ಎನ್ನುತ್ತಿದ್ದರು. ಇಪ್ಪತ್ತು ವರ್ಷ ಆಂಧ್ರದಲ್ಲಿದ್ದು ಬಂದ ಹಿರಿಯ ಹೆಂಗಸು. ತೆಲುಗು ಬಲ್ಲಳು, ಕನ್ನಡ ತಿಳಿಯದು. ಅವಳೇ ಸಂಗತಿ ಬಿಡಿಸಿ ಹೇಳಿದಳು. ಹಳೆಯ ಮುನ್ಷಿ ಸಾಯುವ ಮುಂಚೆ ಪಾಠಗಳನ್ನೆಲ್ಲ ಟೇಪ್ ರೆಕಾರ್ಡರಿಗೆ ಹೇಳಿಟ್ಟಿದ್ದರು. ಅವರು ತೀರಿಕೊಂಡ ವಾರದಲ್ಲಿ ಈ ಹುಡುಗ ಹಡಗಿನಿಂದ ಇಳಿದ. ಬೇರೆ ಮುನ್ಷಿ ಸಿಗಲಿಲ್ಲ. ನಾಲ್ಕು ತಿಂಗಳಿಂದ ಟೇಪನ್ನೇ ಕೇಳಿಸಿಕೊಂಡು, ಕೇಳಿದ್ದನ್ನು ಕೇಳಿದ ಹಾಗೇ ಹೇಳಿ ಕಲಿತಿದ್ದಾನೆ. ಅದೇ ಅಲ್ಲಿನ ಪದ್ಧತಿ: ಮೊದಲು ದನಿ, ಅರ್ಥ ಆಮೇಲೆ. ಇನ್ನು ಆರು ವಾರಕ್ಕೆ ಹಿರಿಯ ಪಾದ್ರಿಗಳು ಪರೀಕ್ಷೆಗೆ ಬರುತ್ತಾರೆ. ಅವನ ಕನ್ನಡದಲ್ಲಿ ಅವಳಿಗೆ ಅರ್ಥವಾದದ್ದು ಒಂದೇ ಪದ, ಅಷ್ಟು ಸಾಕಾಗಿತ್ತು. ಪರೀಕ್ಷಕರೆದುರು ಹಾಗೆ ಕೂತನೆಂದರೆ ಅವನನ್ನು ಮರುಹಡಗಿಗೆ ವಾಪಸು ಕಳಿಸುತ್ತಾರೆ. ಶಿವನನ್ನು ತೆಗೆಯಿರಿ ಎಂದಳು. ದಕ್ಷಯಜ್ಞದಿಂದೀಚೆಗೆ ಇಷ್ಟು ಗಂಭೀರವಾದ ಜವಾಬ್ದಾರಿಯನ್ನು ಯಾರಿಗೂ ವಹಿಸಿರಲಾರರು ಎಂದುಕೊಂಡೆ.

ಅವನ ನೋಟುಪುಸ್ತಕ ನೋಡಿದೆ. ವಾಕ್ಯಗಳ ನಡುವೆ ಅಲ್ಲಲ್ಲಿ ನಕ್ಷತ್ರ ಬರೆದಿದ್ದ. ಏನೆಂದು ಕೇಳಿದರೆ ಕೆಮ್ಮಿ ತೋರಿಸಿದ. ಎರಡು ನಕ್ಷತ್ರಕ್ಕೆ ಎರಡು ಕೆಮ್ಮು. ಅತಿಥಿಯನ್ನು ಕೂರಿಸಿದ ಮೇಲೆ, ಮಳೆಬೆಳೆ ಕೇಳುವ ಮುಂಚೆ, ಕನ್ನಡದಲ್ಲಿ ಎರಡು ಸಲ ಕೆಮ್ಮಬೇಕು ಎಂದು ತಿಳಿದಿದ್ದ. ವಿದ್ವತ್ ಪರೀಕ್ಷೆಗೆ ಓದಿದ ನನಗೂ ಈ ಸೂತ್ರ ಹೊಸದು.

ಅಡುಗೆಯವನು ಮದಕರಿಪುರದವನು, ಕುರಿ ಮಾರಿ ಒಲೆ ಹಿಡಿದ ನಡುವಯಸ್ಸಿನ ಮನುಷ್ಯ. ಹುಡುಗನನ್ನು ಸಣ್ಣ ಪಾದ್ರಿ ಎನ್ನುತ್ತಿದ್ದ, ತಟ್ಟೆಯನ್ನು ಮಾತ್ರ ದೂರದಿಂದಲೇ ಸರಿಸುತ್ತಿದ್ದ.

“ಏನಯ್ಯ, ಹೆದರಿಕೆನಾ?” ಎಂದೆ.

“ಹೆದರಿಕೆ ಅಲ್ರಿ ಮೇಷ್ಟ್ರೇ, ಮರ್ಯಾದೆ. ಮುನ್ಷಿಯೋರಿಗೆ ಹನ್ನೊಂದು ವರ್ಷ ಅನ್ನ ಇಕ್ಕೀನಿ.”

“ಅವನು ಟೇಪು ಕೇಳಿ ಕಲಿತಿದಾನಪ್ಪ. ಅಷ್ಟೇ.”

“ಮಾತು ಟೇಪಿಂದು, ಒಪ್ದೆ. ಮುನ್ಷಿಯೋರಂಗೇ ಕೈ ಹಿಂದೆ ಕಟ್ಟಿ ಎಡಗಾಲು ಎಳೀತಾರಲ್ಲ, ಅದೂ ಟೇಪಲ್ಲಿ ಕಾಣ್ತತೇನ್ರಿ?”

ಹಿಂದಿರುಗಿ ನೋಡಿದೆ. ಸಣ್ಣ ಪಾದ್ರಿ ಅಂಗಳ ದಾಟುತ್ತಿದ್ದ. ಕೈ ಬೆನ್ನ ಹಿಂದೆ. ಎಡಗಾಲು ಒಂದು ಗಳಿಗೆ ತಡವಾಗಿ ಬರುತ್ತಿತ್ತು.

ನಾನು ವಿಚಾರವಂತ. ಅದೇ ಮಧ್ಯಾಹ್ನ ಟೇಪು ಹಾಕಿ ಕೇಳಿದೆ. ಪಾಠಗಳ ನಡುವೆ ಮುನ್ಷಿ ಎದ್ದು ಓಡಾಡುವಾಗ ಚಪ್ಪಲಿ ಎಳೆಯುವ ಸದ್ದು ಸ್ಪಷ್ಟವಾಗಿತ್ತು. ಕಾಲಿನ ಸಂಗತಿ ಇತ್ಯರ್ಥವಾಯಿತು. ಕೈಗಳ ಬಗ್ಗೆ ಮಾತ್ರ ಟೇಪು ಏನೂ ಹೇಳಲಿಲ್ಲ. ನಾನೂ ಅದನ್ನು ಒತ್ತಾಯಿಸಲಿಲ್ಲ.

ಮೂರು ವಾರ ಹೆಣಗಿದೆ. “ಕೂರುವಾಗ ಬಾಯಿ ಮುಚ್ಚಿಕೋ” ಎಂದರೆ ಬಾಯಿ ಮುಚ್ಚುತ್ತಿದ್ದ, ಮೂಗಿನಿಂದ ಶಿವ ಹೊರಡುತ್ತಿದ್ದ. ಟೇಪಿನಲ್ಲಿಲ್ಲದ ಪ್ರಶ್ನೆ ಕೇಳಿದರೆ ಕಣ್ಣು ಬಿಡುತ್ತಿದ್ದ. ಇದ್ದದ್ದನ್ನು ಕೇಳಿದರೆ ಆ ಮುದುಕ ತಕ್ಷಣ ಉತ್ತರಿಸುತ್ತಿದ್ದ. ಹುಡುಗನೊಂದಿಗೆ ನನಗೆ ಮಾತೇ ಆಗಲಿಲ್ಲ. ಮುನ್ಷಿಯೊಂದಿಗೆ ದಿನಾ ಆಗುತ್ತಿತ್ತು.

ಒಂದು ದಿನ ಹನ್ನೊಂದರ ಹೊತ್ತಿಗೆ ಮುನ್ಷಿಯ ಹೆಂಡತಿ ಬಂದರು. ಗಂಡನ ಶಾಲು, ಕನ್ನಡಕದ ಡಬ್ಬಿ ಕೇಂದ್ರದಲ್ಲೇ ಉಳಿದಿದ್ದವು. ಅಡುಗೆಯವನು ಹುಡುಕಿ ತರುವ ತನಕ ವರಾಂಡದ ಕಂಬಕ್ಕೊರಗಿ ಕೂತಿದ್ದರು. ಒಳಗೆ ಸಣ್ಣ ಪಾದ್ರಿ ಏಳನೆಯ ಪಾಠ ಶುರುಮಾಡಿದ. ಮುನ್ಷಿ ಮನೆಯಲ್ಲಿ ಕೂತು ಹೇಳಿದ್ದ, ಮನೆಮಾತಿನ ಪಾಠ ಅದು.

“ಲೇ ಇವಳೇ, ನೀರು ತಗಂಬಾ.”

ನಾನು ನೋಡುತ್ತಿದ್ದಂತೆ ಆ ತಾಯಿ ಎದ್ದರು. ಬೆಚ್ಚಲಿಲ್ಲ, ಅತ್ತಿತ್ತ ನೋಡಲಿಲ್ಲ. ವರಾಂಡದ ಮೂಲೆಯ ಹಂಡೆಯಿಂದ ಚೊಂಬಿಗೆ ನೀರು ತುಂಬಿ, ಸೆರಗಿನಿಂದ ಚೊಂಬಿನ ಬುಡ ಒರೆಸಿ, ಒಳಗೆ ನಡೆದರು. ಬಿಳಿಯನ ಮುಖ ಕಂಡ ಮೇಲೂ ಒಂದು ಹನಿ ತುಳುಕಲಿಲ್ಲ. ಚೊಂಬು ಚಾಚಿದರು. ಅವನು ಎತ್ತಿ ಕುಡಿದು, ಪಾಠದಲ್ಲಿದ್ದಂತೆಯೇ “ತಣ್ಣಗೈತೆ” ಎಂದ. ಕೆಮ್ಮಿದ.

ಆಕೆ ಅವನನ್ನು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿದರು. “ಇವರಿಲ್ಲಿಗೆ ಬಂದು ಎಷ್ಟು ದಿನ ಆತ್ರಿ ಮೇಷ್ಟ್ರೇ?”

ಅವರು ಕೇಳುತ್ತಿದ್ದದ್ದು ಗಂಡನ ವಿಷಯ ಎಂದು ಹೊಳೆಯಿತು. ಟೇಪಿನ ಯಂತ್ರ, ಪದ್ಧತಿ, ದನಿ, ಅರ್ಥ ಎಂದೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

“ಬದುಕಿದ್ದಾಗ್ಲೇ ಪಾಠ ಹೇಳಿ ಹೇಳಿ ದಣಿದಿದ್ರು ಕಣ್ರಿ. ನಮ್ಮ ಕ್ರಮದಾಗೆ ಕುಂದ್ರಿಸಿ ಮಣ್ಣು ಮಾಡೀವಿ, ಕೈಯಾಗೆ ಲಿಂಗ ಇಟ್ಟು. ಅಲ್ಲೇ ಕುಂತಿರ್ಲಿ. ದಿನಾ ಕರೆದು ಇಲ್ಲಿ ಕುಂದ್ರಿಸಬ್ಯಾಡ್ರಿ. ಬಿಟ್ಟುಬಿಡ್ರಿ ಅವರನ್ನ.”

ಶಾಲು, ಡಬ್ಬಿ ತೆಗೆದುಕೊಂಡು ಹೋದರು. ಸಣ್ಣ ಪಾದ್ರಿ ಇಂಗ್ಲಿಷಿನಲ್ಲಿ, ಮೊದಲ ಸಲ ತನ್ನದೇ ದನಿಯಲ್ಲಿ, ಅವರು ಯಾರು ಎಂದು ಕೇಳಿದ. ಹೇಳಿದೆ. ಆಗ ತಿಳಿಯಿತು, ಮುನ್ಷಿ ಸತ್ತಿದ್ದಾರೆಂದು ಅವನಿಗೆ ಯಾರೂ ಹೇಳಿರಲೇ ಇಲ್ಲ. ಅವನು ಬಂದಾಗಲೇ ಯಾರೋ ಹೇಳಿರಬಹುದೆಂದು ದೊರೆಸಾನಮ್ಮ ಅಂದುಕೊಂಡಿದ್ದಳು, ಅವಳೇ ಹೇಳಿರಬಹುದೆಂದು ನಾನು. ಪರೀಕ್ಷೆ ಮುಗಿಸಿ, ಹಣ್ಣು ತೆಗೆದುಕೊಂಡು ಗುರುಗಳನ್ನು ಕಾಣಲು ಹೋಗಬೇಕೆಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿಟ್ಟುಕೊಂಡಿದ್ದನಂತೆ.

ಅಂದಿನಿಂದ ಕನ್ನಡ ನಿಂತುಹೋಯಿತು. ಟೇಪು ಮುಟ್ಟಲಿಲ್ಲ, ಬಾಯಿ ಬಿಡಲಿಲ್ಲ. ಸದ್ದಿಲ್ಲದೆ ಕೂರುತ್ತಿದ್ದ, ಸದ್ದಿಲ್ಲದೆ ಏಳುತ್ತಿದ್ದ. ಶಿವ ಹೋದ, ಜೊತೆಗೆ ಬಂದವರೆಲ್ಲರೂ ಹೋದರು. ದೊರೆಸಾನಮ್ಮ ನನ್ನನ್ನು ನೋಡಿದ ನೋಟದಲ್ಲಿ ತೆಲುಗು, ಇಂಗ್ಲಿಷ್ ಎರಡೂ ಇದ್ದವು.

“ಮೊದ್ಲು ಒಬ್ರ ಒಳಗೆ ಇಬ್ರು ಇದ್ರು,” ಎಂದ ಅಡುಗೆಯವನು ಮುದ್ದೆ ತಿರುವುತ್ತ. “ಈಗ ಒಬ್ರೂ ಇಲ್ಲ. ಇದಕ್ಕಿಂತ ಅದೇ ವಾಸಿ ಇತ್ತು, ಮಳೆಬೆಳೆನಾದ್ರೂ ಕೇಳೋರು.”

ಪರೀಕ್ಷೆಗೆ ಎರಡು ವಾರ ಉಳಿದಿತ್ತು. ಕೋಣೆಯಲ್ಲಿ ಫಲವಿಲ್ಲವೆಂದು ಅವನನ್ನು ಬಸ್ಸು ಹತ್ತಿಸಿದೆ. ಚಿತ್ರದುರ್ಗದ ಸಂತೆಯಲ್ಲಿ ಒಂದು ದಿನ ನಿಲ್ಲಿಸಿದೆ, ಹೊಸದುರ್ಗದ ಹೋಟೆಲಿನಲ್ಲಿ ಒಂದು ದಿನ ಕೂರಿಸಿದೆ. ಜನ ಸುತ್ತ ಸೇರುತ್ತಿದ್ದರು, ಅವನು ಕಿವುಡನಂತೆ ಕೂತಿರುತ್ತಿದ್ದ. ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವ ಹೆಂಗಸೊಬ್ಬಳು ಮೊರವನ್ನು ಅವನ ಮೂಗಿನ ಕೆಳಗೇ ಹಿಡಿದಳು.

“ಏನಣ್ಣಾ, ಹಂಗೇ ನೋಡ್ತೀಯ? ತಿಂತೀಯೋ ಇಲ್ಲೋ?”

ಅವನು ಮೊರದತ್ತ ಬಾಗಿದ. ಒಳಗೆ ಯಾರೂ ಇಲ್ಲದ ಮನೆಯ ಬಾಗಿಲನ್ನು ತಾನೇ ತಳ್ಳಿ ತೆಗೆದಂತೆ, “ನಾನು… ತಿನ್ನುತ್ತದೆ” ಎಂದ.

“ಅಯ್ಯೋ ನನ್ನಪ್ಪಾ! ಏನು, ನಿನ್ನ ಎಮ್ಮೆ ತಿನ್ನುತ್ತದಾ?” ಎಂದು ಆಕೆ ನಕ್ಕು ನಕ್ಕು ಒಂದು ಹಿಡಿ ಹೆಚ್ಚಿಗೆ ಹಾಕಿದಳು. ಹುಡುಗನದು ತೆಳ್ಳನೆಯ, ಹರೆಯದ, ಎಲ್ಲಿಯೂ ಕಫವಿಲ್ಲದ ದನಿ. ಇಡೀ ಜಿಲ್ಲೆಯಲ್ಲಿ ಅಷ್ಟು ಕೆಟ್ಟ ಕನ್ನಡವನ್ನು ಅಷ್ಟು ನೆಮ್ಮದಿಯಿಂದ ಕೇಳಿದ ಪಂಡಿತ ನಾನೊಬ್ಬನೇ ಇರಬೇಕು.

ಪರೀಕ್ಷೆಯ ದಿನ ಇಬ್ಬರು ಹಿರಿಯ ಪಾದ್ರಿಗಳು ಬಂದರು. ನಾನು ಬಾಗಿಲ ಬಳಿ ನಿಂತಿದ್ದೆ. ಸಣ್ಣ ಪಾದ್ರಿ ಒಳಗೆ ಬಂದು ಮೊಣಕಾಲಿಗೆ ಕೈಯೂರಿದ. ತುಟಿ ಒಂದಿಷ್ಟು ತೆರೆಯಿತು. ಅಡುಗೆಯವನು ನನ್ನ ರಟ್ಟೆ ಹಿಡಿದ. ತುಟಿ ಮುಚ್ಚಿತು, ಕೂತ. ನಾವಿಬ್ಬರೂ ಉಸಿರುಬಿಟ್ಟ ಸದ್ದೇ ಅಲ್ಲಿ ಹೆಚ್ಚು ಕೇಳಿಸಿರಬೇಕು.

“ನಿನ್ನೆ ಏನು ಮಾಡಿದಿರಿ, ಹೇಳಿ,” ಎಂದರು ಹಿರಿಯರು.

“ನಿನ್ನೆ ನಾನು ಒಂದು ಮನೆಗೆ ಹೋದೆನು. ಅಮ್ಮನಿಗೆ ಕ್ಷಮೆ ಕೇಳಿದೆನು. ಅಮ್ಮ ಮಜ್ಜಿಗೆ ಕೊಟ್ಟನು.”

ಅವನು ಹೋಗಿದ್ದು ನನಗೂ ಗೊತ್ತಿರಲಿಲ್ಲ.

“ಕ್ಷಮೆ ಯಾಕೆ?”

“ಅವರ ಮನೆಯವರ ಮಾತು ನನ್ನ ಹತ್ತಿರ ಇತ್ತು.” ಪದಗಳನ್ನು ಒಂದೊಂದಾಗಿ ಹುಡುಕಿದ. “ತಿರುಗಿ ಕೊಟ್ಟು ಬಂದೆನು.”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಏನೋ ಬರೆದುಕೊಂಡರು. ಸಂಜೆಗೆ ಫಲಿತಾಂಶ ಬಂತು: ಕನ್ನಡ ಸಾಲದು, ಆದರೂ ಇರಬಹುದು. ಕೊನೆಯ ದರ್ಜೆ. ಅವನನ್ನು ಹಿರಿಯೂರಿನ ಕಡೆ ಹಾಕಿದರು.

ಹೊರಡುವ ಬೆಳಿಗ್ಗೆ ಟ್ರಂಕಿನ ಮೇಲೆ ನನ್ನ ಪಕ್ಕ ಕೂತು ಕೇಳಿದ. “ಮೇಷ್ಟ್ರೇ, ಅವರು ನೋಡಲಿಕ್ಕೆ ಹೇಗೆ ಇದ್ದರು? ಉದ್ದವೋ, ಗಿಡ್ಡವೋ?”

ಉತ್ತರಿಸಲು ಬಾಯಿ ತೆರೆದೆ. ಆ ಮನುಷ್ಯನ ನಡಿಗೆ ನನಗೆ ಗೊತ್ತಿತ್ತು, ಬಾಯಾರಿಕೆ ಗೊತ್ತಿತ್ತು, ಹೆಂಡತಿಯನ್ನು ಕರೆಯುವ ಬಗೆ ಗೊತ್ತಿತ್ತು. ವಾರಗಟ್ಟಲೆ ಒಂದೇ ಕೋಣೆಯಲ್ಲಿ ಅವರೊಂದಿಗೆ ಕೂತಿದ್ದೆ.

“ನಾನೂ ಅವರನ್ನು ನೋಡಿಲ್ಲಪ್ಪ,” ಎಂದೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಸ್ವಲ್ಪ ಸರಿದು, ನಡುವೆ ಒಬ್ಬರಿಗೆ ಜಾಗ ಬಿಟ್ಟು ಕೂತೆವು.