ಬೈರನ ಬೆನ್ನ ಮೇಲಿನ ಸುಳಿ

ಹುಣಸೂರು ಬಸ್‌ಸ್ಟ್ಯಾಂಡಿನ ಹಿಂದಿನ ಫ್ಲೆಕ್ಸ್ ಅಂಗಡಿಯಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಕನಕರಾಜು ‘ಡಿಸೈನರ್’ ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ ಅವನದು ತಲೆ ಕತ್ತರಿಸುವ ಕೆಲಸ. ಹುಟ್ಟುಹಬ್ಬದ ಬ್ಯಾನರಿಗೆ ದೊಡ್ಡವರ ದೊಡ್ಡ ತಲೆ ಒಂದು, ಅದರ ಕೆಳಗೆ ಶುಭ ಕೋರುವವರ ಮೂವತ್ತೆರಡು ಸಣ್ಣ ತಲೆ. ಒಂದೊಂದನ್ನೂ ಅವರವರ ಮದುವೆ ಫೋಟೋದಿಂದ ಕತ್ತರಿಸಿ ತಂದು ಸಾಲಾಗಿ ಕೂರಿಸಬೇಕು. ಹೆಂಡತಿಯ ಕೈ ಹೆಗಲ ಮೇಲೆ ಉಳಿದುಬಿಟ್ಟಿದ್ದರೆ ಅದನ್ನೂ ಅಳಿಸಬೇಕು. ಅಪ್ಪಿತಪ್ಪಿ ಒಂದು ತಲೆ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ದೊಡ್ಡದಾದರೆ, ಸಣ್ಣ ತಲೆಯವನು ಮೋಟಾರ್ ಬೈಕಿನಲ್ಲಿ ಬಂದು ಅಂಗಡಿಯ ಮುಂದೆ ನಿಲ್ಲುತ್ತಿದ್ದ.

ಅದಕ್ಕೆ ಮೂರು ವರ್ಷ ಮುಂಚೆ ಕನಕರಾಜು ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದವನು. ಬರೆದ ಪ್ರತಿ ಬೋರ್ಡಿನ ಬಲಮೂಲೆಯಲ್ಲೂ ‘ಕನಕ ಆರ್ಟ್ಸ್’ ಎಂದು ಸಹಿ ಇರುತ್ತಿತ್ತು. ಅಂಗಡಿಯ ಹೆಸರಿಗಿಂತ ಸಹಿಯೇ ಚೆನ್ನಾಗಿದೆ ಎಂದು ಒಬ್ಬ ಸೋಡಾ ಅಂಗಡಿಯವನು ಜಗಳ ತೆಗೆದದ್ದೂ ಉಂಟು. ಫ್ಲೆಕ್ಸ್ ಬಂತು, ಕುಂಚ ಡಬ್ಬಿಯಲ್ಲೇ ಒಣಗಿತು. ಫ್ಲೆಕ್ಸಿಗೂ ಬಲಮೂಲೆ ಇತ್ತು, ಆದರೆ ಅಲ್ಲಿ ಬರುತ್ತಿದ್ದುದು ಅಂಗಡಿಯ ಮಾಲೀಕ ಪುಟ್ಟಸ್ವಾಮಿಯ ಮೊಬೈಲ್ ನಂಬರು.

“ಎಲ್ರೂ ಆರ್ಕುಟ್‌ನಾಗವ್ರೆ, ನೀನ್ಯಾಕ್ ಇಲ್ಲ?” ಎಂದು ಕೇಳಿದವಳು ಬೃಂದಾ. ಪಕ್ಕದ ಕಟ್ಟಡದ ಮಹಡಿಯಲ್ಲಿ ಆರು ಕಂಪ್ಯೂಟರ್ ಇಟ್ಟುಕೊಂಡು ಸೈಬರ್ ಕೆಫೆ ನಡೆಸುತ್ತಿದ್ದ ಹುಡುಗಿ. “ನಿನ್ ಚಿತ್ರ ಅಲ್ಲಿ ಹಾಕು. ಪ್ರಪಂಚ ನೋಡ್ತದೆ.”

ಪ್ರಪಂಚ ನೋಡುತ್ತದೆ ಎಂದ ಮೇಲೆ ಸುಮ್ಮನೆ ಕೂರುವವನೇ ಕನಕರಾಜು? ಅದು ಎರಡು ಸಾವಿರದ ಏಳನೇ ಇಸವಿ, ಜನ ಇಂಟರ್‌ನೆಟ್ಟಿನಲ್ಲಿ ಸ್ನೇಹಿತರನ್ನು ಕೂಡಿಸಿಕೊಳ್ಳುತ್ತಿದ್ದುದು ಆರ್ಕುಟ್ಟಿನಲ್ಲೇ. ಅಂಗಡಿಯ ಡಿಜಿಟಲ್ ಕ್ಯಾಮೆರಾದಲ್ಲಿ ತನ್ನ ಹನ್ನೆರಡು ಚಿತ್ರಗಳ ಫೋಟೋ ಹಿಡಿದ. ಪ್ರೊಫೈಲಿನಲ್ಲಿ ಗದ್ದಕ್ಕೆ ಕೈ ಕೊಟ್ಟ ತನ್ನದೊಂದು ಭಾವಚಿತ್ರ ಹಾಕಿ, ಕೆಳಗೆ ಇಂಗ್ಲಿಷಿನಲ್ಲಿ ‘ಆರ್ಟಿಸ್ಟ್, ಡ್ರೀಮರ್’ ಎಂದು ಬರೆದುಕೊಂಡ. ಒಂದು ತಿಂಗಳಲ್ಲಿ ಎರಡು ಪ್ರತಿಕ್ರಿಯೆ ಬಂದವು. ಒಂದು, ‘ನೈಸ್ ಮಚ್ಚಾ.’ ಇನ್ನೊಂದು, ‘ಅದ್ಭುತ! ಈ ಕಲಾವಿದರಿಗೆ ಉಜ್ವಲ ಭವಿಷ್ಯವಿದೆ.’ ಎರಡನೆಯದನ್ನು ಅವನೇ ಬರೆದದ್ದು, ಚಿನ್ನು ಎಂಬ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು, ಗುಲಾಬಿ ಹೂವಿನ ಫೋಟೋ ಹಾಕಿ. ವಾರ ಕಳೆಯುವಷ್ಟರಲ್ಲಿ ಚಿನ್ನುವಿಗೆ ನೂರನಲವತ್ತು ಜನ ಸ್ನೇಹಿತರಾಗಿದ್ದರು. ಕನಕರಾಜುವಿಗೆ ಒಂಬತ್ತು, ಚಿನ್ನುವೂ ಸೇರಿ. ಅಸೂಯೆ ತಡೆಯಲಾರದೆ ಅವನು ಚಿನ್ನುವನ್ನು ಅಳಿಸಿಹಾಕಿದ.

ಇಷ್ಟರ ಮೇಲೂ ಅವನ ಬಳಿ ಒಂದು ನಿಜವಾದ ಚಿತ್ರ ಇತ್ತು.

ಪಿರಿಯಾಪಟ್ಟಣದಿಂದ ಕೊಪ್ಪಕ್ಕೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಅವನ ಸೋದರಮಾವ ಕುಳ್ಳಯ್ಯ ಹೊಗೆಸೊಪ್ಪು, ರಾಗಿ ಬೆಳೆಯುತ್ತಿದ್ದ. ಆದರೆ ಅವನಿಗೆ ಹೆಸರು ಬಂದದ್ದು ಎತ್ತಿನಿಂದ. ಕರು ತಂದು, ಪಳಗಿಸಿ, ಜೋಡಿ ಕಟ್ಟಿ ಮಾರುತ್ತಿದ್ದ. ಕುಳ್ಳಯ್ಯನ ಜೋಡಿ ಎಂದರೆ ಕೊಳ್ಳುವವರು ಸುಳಿ ನೋಡುವುದಿಲ್ಲ ಎಂಬ ಮಾತಿತ್ತು. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡು ಬೆಳೆದಿರುತ್ತದಲ್ಲ, ಆ ಸುಳಿ ಇರಬೇಕಾದ ಜಾಗದಲ್ಲಿದ್ದರೆ ಮನೆಗೆ ಒಳ್ಳೆಯದು, ಇರಬಾರದ ಜಾಗದಲ್ಲಿದ್ದರೆ ಆ ಎತ್ತನ್ನು ಆ ಸೀಮೆಯಲ್ಲಿ ಯಾರೂ ಹಟ್ಟಿಗೆ ಕಟ್ಟುವುದಿಲ್ಲ.

ಆಗ ಮಾವನ ಹಟ್ಟಿಯಲ್ಲಿದ್ದ ಜೋಡಿಯಲ್ಲಿ ಬಲಗಡೆ ಹೂಡುವ ಬೈರನನ್ನು ಕನಕರಾಜು ಮೂರು ಭಾನುವಾರ ಎದುರಿಗೆ ಕೂತು ಬರೆದ. ಆಯಿಲ್ ಪೇಂಟು, ಮೂರಡಿಗೆ ನಾಲ್ಕಡಿ ಕ್ಯಾನ್ವಾಸು. ಕೊಂಬು ಕೊಂಬಿನಂತೆ, ಕಣ್ಣು ಕಣ್ಣಿನಂತೆ ಬಂತು. ಅತ್ತೆ ಕೆಂಪಾಜಮ್ಮ, “ನೊಣ ಕುಂತ್ಕಳಂಗೈತೆ ಕಣಪ್ಪಾ” ಎಂದು ಸೆರಗಿನಲ್ಲಿ ಬೀಸಿದಳು. ಆದರೆ ಬೆನ್ನು ಮಾತ್ರ ಬೆಳ್ಳಗೆ, ಸುಣ್ಣ ಹೊಡೆದ ಗೋಡೆಯಂತೆ ಬಿದ್ದುಕೊಂಡಿತ್ತು. ಅದನ್ನು ಎಷ್ಟೋ ಹೊತ್ತು ನೋಡುತ್ತಾ ಕೂತವನು ಒಮ್ಮೆಗೇ ದಪ್ಪ ಬಣ್ಣ ಅದ್ದಿ, ಹೆಗಲ ಮೇಲಿನ ಡುಬ್ಬದ, ಅಂದರೆ ಇಣಿಯ, ಹಿಂದೆ ಕುಂಚವನ್ನು ಒಂದು ಸುತ್ತು ತಿರುಗಿಸಿ ಎತ್ತಿಬಿಟ್ಟ. ಬೆಳಕು ಅಲ್ಲಿ ಬಂದು ಕೂತಿತು. ಇಡೀ ಚಿತ್ರದಲ್ಲಿ ಅವನು ನೋಡಿ ಬರೆಯದೇ ಇದ್ದದ್ದು ಅದೊಂದೇ. ತಾನೂ ಕಲಾವಿದ ಇರಬಹುದು ಎಂದು ಅವನಿಗೆ ಮೊದಲ ಸಲ ಅನ್ನಿಸಿದ್ದೂ ಆಗಲೇ.

ಆರ್ಕುಟ್ ಸೇರಿ ಒಂಬತ್ತು ತಿಂಗಳಾದ ಮೇಲೆ ಆ ಚಿತ್ರವನ್ನು ಅಲ್ಲಿಗೆ ಏರಿಸುವಾಗ, ಮೂಲೆ ಕಪ್ಪಗಿದೆ ಎಂದು ಬೃಂದಾ ಅಂಚು ಕತ್ತರಿಸಿದಳು. ಅಂಚಿನ ಜೊತೆಗೆ ಸಹಿಯೂ ಹೋಯಿತು. ಕನಕರಾಜು ಕೆಳಗೆ ‘ಕುಳ್ಳಯ್ಯನವರ ಬೈರ, ಪಿರಿಯಾಪಟ್ಟಣ ತಾಲ್ಲೂಕು’ ಎಂದು ಹೆಸರಿಟ್ಟ. ಎತ್ತಿನ ಅಭಿಮಾನಿಗಳ ಗುಂಪಿನಲ್ಲಿ ಹಾಕಿದ. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಹುಮ್ಮಸ್ಸಿಗೆ ಇನ್ನೂ ಹತ್ತು ಗುಂಪಿಗೆ ಅಂಟಿಸಿದ. ಅದರಲ್ಲಿ ಒಂದು ಬಸ್ಸಿನ ಅಭಿಮಾನಿಗಳದು.

ಮರುದಿನ ನೋಡಿದರೆ ಅರವತ್ಮೂರು ಪ್ರತಿಕ್ರಿಯೆ! ಕನಕರಾಜು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಓದತೊಡಗಿದ.

‘ಅಣ್ಣ ಒಂಟಿನಾ ಜೋಡಿನಾ?’

‘ಹಲ್ಲು ಎಷ್ಟು?’

‘ಗಾಡಿಗೆ ಬರ್ತದಾ, ಬರೀ ಉಳುಮೆನಾ?’

ಮೊದಲ ಮೂವತ್ತೊಂಬತ್ತರಲ್ಲಿ ಚಿತ್ರದ ಬಗ್ಗೆ ಒಬ್ಬನೂ ಮಾತಾಡಿರಲಿಲ್ಲ. ನಲವತ್ತನೆಯವನು ಕೆ.ಆರ್. ನಗರದವನು: ‘ಬೆನ್ನು ನೋಡ್ರೋ. ಹಾವುಸುಳಿ ಐತೆ. ಯಾರೂ ಮುಟ್ಬೇಡಿ.’ ಅಲ್ಲಿಂದ ಮುಂದೆ ಅದೇ ಚರ್ಚೆ. ಅದು ಹಾವುಸುಳಿಯೇ ಅಲ್ಲವೇ, ಅದರ ಬಾಲ ಎತ್ತ ಕಡೆಗಿದೆ, ಅಂಥದ್ದನ್ನು ಕಟ್ಟಿದ ಯಾರ ಮನೆಯಲ್ಲಿ ಏನೇನಾಯಿತು.

‘ಇದು ಫೋಟೋ ಅಲ್ಲ, ಪೇಂಟಿಂಗ್’ ಎಂದು ಕನಕರಾಜು ಬರೆದ.

‘ಸುಳಿ ಮುಚ್ಚಾಕಕ್ಕೆ ಪೇಂಟಿಂಗ್ ಅಂತ ಕಥೆ ಬಿಡಬೇಡಿ ಅಣ್ಣ’ ಎಂದು ಉತ್ತರ ಬಂತು.

ಆ ಅರವತ್ಮೂರರ ನಡುವೆ ಒಂದು ಮಾತ್ರ ಬೇರೆ ಥರದ್ದಿತ್ತು. ಬರೆದವರು ಸುಧಾ ಎಂಬ ಮೈಸೂರಿನ ಚಿತ್ರಕಲಾ ಶಿಕ್ಷಕಿ. ಮೈಸೂರಿನವರು ಎತ್ತಿನ ಗುಂಪಿನಲ್ಲಿ ಏನು ಮಾಡುತ್ತಿದ್ದರೋ! ‘ಕೊಂಬು, ಕಾಲು, ಕಣ್ಣು ಎಲ್ಲ ಕ್ಯಾಲೆಂಡರಿನ ಹಾಗಿದೆ. ಆದರೆ ಬೆನ್ನಿನ ಮೇಲೆ ಕುಂಚವನ್ನು ಒಂದು ಸುತ್ತು ತಿರುಗಿಸಿದ್ದೀರಲ್ಲ, ಅದು ಚಿತ್ರ. ಮುಂದಿನ ತಿಂಗಳು ನಾವು ಕೆಲವರು ಸೇರಿ ಪ್ರದರ್ಶನ ಮಾಡುತ್ತಿದ್ದೇವೆ. ತರುತ್ತೀರಾ?’

ಕನಕರಾಜು ಅದನ್ನು ಏಳು ಸಲ ಓದಿದ. “ಅರ್ಧ ಗಂಟೆ ಆಯ್ತು, ಏಳು” ಎಂದಳು ಬೃಂದಾ. ಇನ್ನರ್ಧ ಗಂಟೆ ಹಾಕಿಸಿಕೊಂಡು ಮತ್ತೂ ಓದಿದ.

ಆ ಖುಷಿ ಶನಿವಾರದವರೆಗೆ ಇತ್ತು. ಶನಿವಾರ ಮೂವತ್ತೆರಡು ತಲೆಗಳಲ್ಲಿ ಹತ್ತೊಂಬತ್ತನೆಯದನ್ನು ಕತ್ತರಿಸುತ್ತಿರುವಾಗ ಅಂಗಡಿ ಬಾಗಿಲಲ್ಲಿ ಕುಳ್ಳಯ್ಯ ನಿಂತಿದ್ದ.

“ಲೋ ಕನಕ, ಈಚೆಗ್ ಬಾರ್ಲಾ.”

“ಏನ್ ಮಾವ, ಹೇಳ್ದೆ ಕೇಳ್ದೆ ಬಂದ್ಬುಟ್ಟಿದ್ದೀಯ?”

“ನನ್ ಎತ್ತ ಇಂಟರ್‌ನೆಟ್ಟಿಗೆ ಆಕುವಾಗ ನೀನ್ ಯೋಳಿ ಕೇಳಿ ಆಕಿದ್ಯಾ?”

ಕುಳ್ಳಯ್ಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಬೈರನ ಚಿತ್ರದ ಕಪ್ಪು ಬಿಳುಪು ಪ್ರಿಂಟ್‌ಔಟು. ಬೆನ್ನಿನ ಮೇಲಿನ ಸುತ್ತಿನ ಬಳಿ ಯಾರೋ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದರು. ಸರಗೂರಿನ ದಾಸಯ್ಯ ಜೋಡಿಯನ್ನು ಒಪ್ಪಿಕೊಂಡು ಮಾತು ಕುದುರಿದ ಗುರುತಿಗೆ ಎಲೆಯಡಿಕೆ ಈಸಿಕೊಂಡು ಹೋಗಿದ್ದವನು. ಅವನ ಮಗ ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದ. ಆ ಮಗ ನೋಡಿದ, ಅಪ್ಪನಿಗೆ ತಂದು ತೋರಿಸಿದ. ದಾಸಯ್ಯ ಎಲೆಯಡಿಕೆ ವಾಪಸು ಕಳಿಸಿದ್ದ, ಜೊತೆಗೆ ಈ ಕಾಗದವನ್ನೂ.

“ಹದಿನಾರು ಜೋಡಿ ಮಾರಿವ್ನಿ. ಸುಳಿ ದೋಸ ಅಂತ ಒಬ್ನೂ ಬಾಯ್ ಬುಟ್ಟಿಲ್ಲ. ನೀನು ಒಂದ್ ಬ್ರಸ್ಸಲ್ಲಿ ಇಟ್ಬುಟ್ಟಲ್ಲೋ!”

“ಮಾವ, ಬಂದು ಎತ್ತು ನೋಡಕ್ಕೆ ಹೇಳು. ಬೆನ್ನ ಮೇಲೆ ಎಲ್ಲೈತೆ ಸುಳಿ?”

“ಯೋಳ್ದೆ. ‘ಕೂದ್ಲು ಬೋಳಿಸಿ ಎಣ್ಣೆ ಅಚ್ಚಿದ್ರೆ ಎಲ್ ಕಾಣ್ತದೆ, ಫೋಟೋ ತೆಗ್ದಾಗ ಇತ್ತಲ್ಲ’ ಅಂತಾನೆ.”

“ಅದು ಸುಳಿ ಅಲ್ಲ ಮಾವ. ಬೆಳಕು.”

“ಬೆಳಕು ಯಾವತ್ತಾರ ಸುತ್ಕಂಡು ಕುಂತಿರ್ತದೇನ್ಲಾ?”

“ಬೆನ್ ಪೂರ್ತಿ ಬೆಳ್ಳಗಿದ್ರೆ ಚಿತ್ರ ಖಾಲಿ ಖಾಲಿ ಅನ್ನಿಸ್ತದೆ, ಅದಕ್ಕೇ...”

“ಖಾಲಿ ಐತಾ ಅಂತಾನೇ ಕಣೋ ಜನ ಎತ್ತಿನ್ ಬೆನ್ ನೋಡದು!”

ಒಳಗಿನಿಂದ ಪುಟ್ಟಸ್ವಾಮಿ ತಲೆ ಹಾಕಿದ. “ಬ್ಯಾನರ್ ಮಾಡಿಸ್ಬುಡಿ ಗೌಡ್ರೆ. ‘ನಮ್ಮ ಎತ್ತಿಗೆ ಸುಳಿ ಇಲ್ಲ’ ಅಂತ. ಆರಕ್ಕೆ ನಾಲ್ಕು. ಕೆಳಗೆ ನಿಮ್ ತಲೆ, ಎತ್ತಿನ್ ತಲೆ.”

ಕುಳ್ಳಯ್ಯ ಅದನ್ನು ಒಂದು ಕ್ಷಣ ನಿಜವಾಗಿಯೇ ಯೋಚಿಸಿದ. ಆಮೇಲೆ ತಲೆ ಕೊಡವಿದ. “ಜನ ನೋಡಿರದು ಅಲ್ಲಿ. ಅಲ್ಲೇ ಯೋಳ್ಬೇಕು. ನೀನು ಅದ್ನ ಬಿಳೀ ಬಣ್ಣದಾಗೆ ಮುಚ್ಚಿ, ಸರಿಯಾದ್ದು ತಿರ್ಗಾ ಆಕು.”

ಐದು ನಿಮಿಷದ ಕೆಲಸ. ದಿನಕ್ಕೆ ಎಂಟು ಗಂಟೆ ಕಂಡವರ ಹೆಂಡತಿಯರ ಕೈ ಅಳಿಸುವವನಿಗೆ ಒಂದು ಸುಳಿ ಯಾವ ಲೆಕ್ಕ? ಆದರೆ ಅದನ್ನು ಮುಚ್ಚಿದರೆ ಉಳಿಯುವುದು ಕ್ಯಾಲೆಂಡರು. ಕ್ಯಾಲೆಂಡರನ್ನು ಮೈಸೂರಿಗೆ ಹೊತ್ತುಕೊಂಡು ಹೋಗಿ ಯಾರಿಗೆ ತೋರಿಸುವುದು?

“ಅದೊಂದು ಆಗಲ್ಲ ಮಾವ.”

“ಏನಂದೆ?”

“ಬೇರೆ ಏನಾದ್ರೂ ಹೇಳು, ಮಾಡ್ತೀನಿ. ಅದನ್ನ ಅಳ್ಸಲ್ಲ.”

ಇಪ್ಪತ್ತಾರು ವರ್ಷದಲ್ಲಿ ಅವನು ಮಾವನಿಗೆ ಇಲ್ಲ ಎಂದದ್ದು ಅದೇ ಮೊದಲು. ಕುಳ್ಳಯ್ಯ ಹೊಡೆಯುತ್ತಾನೆಂದು ಪುಟ್ಟಸ್ವಾಮಿ ಎದ್ದೇ ನಿಂತ. ಕುಳ್ಳಯ್ಯ ಹೊಡೆಯಲಿಲ್ಲ. ಎತ್ತಿನ ವ್ಯಾಪಾರ ಮಾಡಿದವನು, ಎದುರಿನವನು ಎಲ್ಲಿ ಬಗ್ಗುತ್ತಾನೆ ಎಂದು ನೋಡಿ ಗೊತ್ತಿದ್ದವನು.

“ಸರಿ ಬುಡು. ಅಂಗಾರೆ ಬರಿ, ನಂಗೆ ಚಿತ್ರ ಬರೆಯಕ್ಕೆ ಬರಲ್ಲ ಅಂತ. ನಿನ್ ಎಸರಾಕಿ ಬರಿ. ಬರೆಯಕ್ಕೆ ಬರ್ದೆ ತಪ್ ಮಾಡ್ದೋನು ಅಂದ್ರೆ ದಾಸಯ್ಯ ನಂಬ್ತಾನೆ.”

ಎರಡರಲ್ಲಿ ಒಂದು. ಬೆನ್ನಿನ ಆ ಸುತ್ತು ಉಳಿಯಬೇಕಾದರೆ ಹೆಸರು ಹೋಗಬೇಕು. ಯಾವ ಹೆಸರನ್ನು ಕಟ್ಟಲು ಒಂಬತ್ತು ತಿಂಗಳಿನಿಂದ ಅರ್ಧ ಗಂಟೆಗಳನ್ನು ಕೊಂಡುಕೊಳ್ಳುತ್ತಿದ್ದನೋ ಆ ಹೆಸರು. ಸುಧಾ ಮೇಡಂ ಕೂಡ ಅದೇ ಗುಂಪಿನಲ್ಲಿದ್ದಾರೆ, ಅವರೂ ಓದುತ್ತಾರೆ. ಬರೆಯಲು ಬರುವುದಿಲ್ಲ ಎಂದು ತಾನೇ ಸಾರಿಕೊಂಡವನ ಚಿತ್ರವನ್ನು ಯಾರು ಗೋಡೆಗೆ ಹಾಕುತ್ತಾರೆ? ಕನಕರಾಜು ಒಳಗೆ ಪರದೆಯ ಮೇಲಿದ್ದ ಹತ್ತೊಂಬತ್ತನೆಯ ತಲೆಯತ್ತ ತಿರುಗಿ ನೋಡಿದ. ಅದು ಕಿವಿಯಿಂದ ಕಿವಿಗೆ ನಗುತ್ತಿತ್ತು.

“ನಡಿ ಮಾವ” ಎಂದ.

ಸೈಬರ್ ಕೆಫೆಯಲ್ಲಿ ಬೃಂದಾ ಟೈಪು ಮಾಡಲು ಕೂತಳು. ಕುಳ್ಳಯ್ಯ ಅವಳ ಹಿಂದೆ ನಿಂತು, ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಬರೆಸುವವನ ಗತ್ತಿನಲ್ಲಿ ಶುರುಮಾಡಿದ.

“ಬರಿಯವ್ವ. ಹುಣಸೂರು ವಾಸಿ ಕನಕರಾಜು ಆದ ನಾನು...”

“ಇಂಗೆಲ್ಲ ಯಾರೂ ಬರೆಯಲ್ಲ ಕಣ್ರೀ ಇಲ್ಲಿ” ಎಂದಳು ಬೃಂದಾ.

“ನೀ ಬರಿ. ಎತ್ತು ನೋಡಕ್ಕೂ ಬರ್ದೆ, ಚಿತ್ರ ಬರೆಯಕ್ಕೂ ಬರ್ದೆ...”

“ಎರಡೂ ಯಾಕೆ ಮಾವ? ಒಂದ್ ಸಾಕಲ್ಲ.”

“ಎಲ್ಡೂ ಇರ್ಲಿ. ...ನನ್ನ ಮಾವನ ಎತ್ತಿಗೆ ಇಲ್ದ ಸುಳಿಯ, ಗ್ಯಾನ ಇಲ್ದೆ, ಬರ್ದಿರ್ತೀನಿ.”

“ಜ್ಞಾನ ಇಲ್ದೆ,” ಬೃಂದಾ ನಗು ನುಂಗಿಕೊಂಡು ಒತ್ತಿದಳು. “ಕುಡಿದಿದ್ದೆ ಅಂತ ಸೇರಿಸ್ಲಾ?”

“ನಾನು ಕುಡಿಯಲ್ಲ!” ಎಂದ ಕನಕರಾಜು.

“ಅಂಗಾದ್ರೆ ಇನ್ನೂ ಮಾನಗೇಡು” ಎಂದ ಕುಳ್ಳಯ್ಯ. “ಇರ್ಲಿ, ಅದು ಬ್ಯಾಡ.”

ಕನಕರಾಜು ತಾನೇ ಗುಂಡಿ ಒತ್ತಿ ಅದನ್ನು ಕಳಿಸಿದ. ಒಂದು ಗುಂಪಿಗಲ್ಲ, ಹನ್ನೊಂದಕ್ಕೂ. ಎಲ್ಲೆಲ್ಲಿ ಅಂಟಿಸಿದ್ದನೋ ಅಲ್ಲೆಲ್ಲ, ಬಸ್ಸಿನ ಅಭಿಮಾನಿಗಳಿಗೂ, ತನ್ನ ಅಜ್ಞಾನವನ್ನು ಒಂದೊಂದಾಗಿ ಹಂಚಿದ. ‘ಕುಳ್ಳಯ್ಯನವರ ಬೈರ’ ಎಂಬ ಹೆಸರನ್ನೂ ತೆಗೆದುಹಾಕಿದ.

ದಾಸಯ್ಯ ಗುರುವಾರ ಬಂದು, ಬೈರನ ಬೆನ್ನಿನ ಮೇಲೆ ಮೂರು ಸಲ ಅಂಗೈ ಎಳೆದು, ಎಲೆಯಡಿಕೆ ತಿರುಗಿ ಈಸಿಕೊಂಡ. ಜೋಡಿ ಸರಗೂರಿಗೆ ಹೋಯಿತು. ಆರ್ಕುಟ್ಟಿನಲ್ಲಿ ನೂರಹದಿನೆಂಟು ಪ್ರತಿಕ್ರಿಯೆ ಬಂದವು. ‘ಸುಳಿ ಎಲ್ಲಿರ್ತದೆ ಅಂತ ಗೊತ್ತಿಲ್ಲದೋನು ಚಿತ್ರ ಯಾಕೆ ಬರೀತೀಯ?’ ‘ಇಷ್ಟು ಕೆಟ್ಟ ಚಿತ್ರ ನಾನು ನೋಡೇ ಇಲ್ಲ.’ ನಿನ್ನೆ ಮೊನ್ನೆಯವರೆಗೆ ಫೋಟೋ ಎಂದು ಹಟ ಹಿಡಿದಿದ್ದವರೆಲ್ಲ ಈಗ ಒಕ್ಕೊರಲಿನಿಂದ ಅದನ್ನು ಚಿತ್ರ ಎನ್ನುತ್ತಿದ್ದರು. ಬೈಯುವುದಕ್ಕಾದರೂ ಒಪ್ಪಿಕೊಂಡರಲ್ಲ ಎಂದು ಸಮಾಧಾನಪಡಬೇಕೋ, ಕೀಬೋರ್ಡಿಗೆ ತಲೆ ಚಚ್ಚಿಕೊಳ್ಳಬೇಕೋ ಕನಕರಾಜುವಿಗೆ ತಿಳಿಯಲಿಲ್ಲ. ಎಚ್.ಡಿ. ಕೋಟೆಯವನೊಬ್ಬ ಗುಟ್ಟಾಗಿ ಬರೆದಿದ್ದ: ‘ಅಣ್ಣ, ನಮ್ಮ ಎತ್ತಿಗೆ ನಿಜವಾಗ್ಲೂ ಕೆಟ್ಟ ಸುಳಿ ಐತೆ. ಅದನ್ನ ತೆಗೆದು ಒಂದು ಚಿತ್ರ ಬರ್ಕೊಡ್ತೀರಾ? ಇಂಟರ್‌ನೆಟ್ಟಲ್ಲಿ ಮಾರ್ಬೇಕು.’ ಒಂಬತ್ತು ತಿಂಗಳಲ್ಲಿ ಬಂದ ಮೊದಲ ಆರ್ಡರು. ‘ಇರೋದನ್ನ ತೆಗೆಯಲ್ಲ’ ಎಂದು ಬರೆದು ಅವನನ್ನು ಸಾಗಹಾಕಿದ.

ಸುಧಾ ಮೇಡಂ ಆರು ದಿನ ಏನನ್ನೂ ಬರೆಯಲಿಲ್ಲ. ಏಳನೇ ದಿನ ಎರಡು ಸಾಲು ಬಂತು. ‘ನಿಮ್ಮ ಪ್ರಕಟಣೆ ಓದಿದೆ, ತರಗತಿಯಲ್ಲೂ ಓದಿಸಿದೆ, ಎಲ್ಲರೂ ನಕ್ಕರು. ಆ ಸುತ್ತು ಹಾಗೇ ಇದೆಯೋ, ಬಳಿದುಬಿಟ್ಟಿರೋ?’

‘ಇದೆ’ ಎಂದು ಬರೆದ.

‘ಹಾಗಾದರೆ ತನ್ನಿ.’

ಪ್ರದರ್ಶನಕ್ಕೆ ಮುಂಚಿನ ಭಾನುವಾರ ಅವನು ಹಾಳಾದ ಒಂದು ಫ್ಲೆಕ್ಸಿನಲ್ಲಿ ಕ್ಯಾನ್ವಾಸು ಸುತ್ತಿ ಮೈಸೂರಿನ ಬಸ್ಸು ಹತ್ತಿದ. ಅದು ಬಾಗಿಲಿನಲ್ಲೂ ಹಿಡಿಯಲಿಲ್ಲ, ಸೀಟಿನ ಕೆಳಗೂ ಹಿಡಿಯಲಿಲ್ಲ. ಬಿಳಿಕೆರೆ ದಾಟುವವರೆಗೂ ಅದನ್ನು ಎದೆಗೆ ಆನಿಸಿಕೊಂಡು ನಿಂತೇ ಇದ್ದ. ಪಕ್ಕದ ಹೆಂಗಸಿನ ಬುಟ್ಟಿ ಪ್ರತಿ ತಿರುವಿನಲ್ಲೂ ಬೈರನ ಹೊಟ್ಟೆಗೆ ಗುದ್ದುತ್ತಿತ್ತು. “ವಸಿ ಅತ್ಲಾಗಿ ಸರ್ಕಳಿ ಅಕ್ಕಾ” ಎಂದು ಅವನು ಗದರಿದ. ಗದರಿ, ಹಿಡಿತವನ್ನು ಇನ್ನಷ್ಟು ಮೇಲಕ್ಕೆ, ಬೆನ್ನು ಇದ್ದ ಕಡೆಗೆ ಬದಲಿಸಿಕೊಂಡ.