ಭಾನುವಾರದ ಮನೆಯಲ್ಲಿ ಒಲೆ ಹಚ್ಚಿದವರು

ಟೆಕ್ಸಸ್ಸಿನ ಗುಡ್ಡಸೀಮೆಯಲ್ಲಿ ಹಳೆಯ ಕಟ್ಟಡಗಳ ಮಾತೆತ್ತಿದವರು ನಮ್ಮ ಲಿಂಡೆನೌ ಕೌಂಟಿಯ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ. ಲಿಂಡೆನೌ ಎಂದವರು ಶ್ರೀ ಅರ್ನೋ ವೆಹ್ಮಯರ್ ಅವರನ್ನು ನೆನೆಯದೆ ಮಾತು ಮುಗಿಸುವುದಿಲ್ಲ. ನಮ್ಮ ಹಿರಿಯರು ಜರ್ಮನಿಯಿಂದ ಹಡಗು ಹತ್ತಿ ಬಂದು ಸುಣ್ಣಕಲ್ಲಿನಲ್ಲಿ ಕಟ್ಟಿದ ಚರ್ಚು, ಶಾಲೆ, ಕುಣಿತದ ಮನೆಗಳು ಇಂದಿಗೂ ನೆಟ್ಟಗೆ ನಿಂತಿರುವುದರಲ್ಲಿ ಸ್ಮಾರಕ ಸಮಿತಿಯ ಮೇಲ್ವಿಚಾರಕರಾಗಿ ಅವರು ಸವೆಸಿದ ಮೂವತ್ತನಾಲ್ಕು ವರ್ಷಗಳ ಪಾಲು ದೊಡ್ಡದು. ಅದರಲ್ಲಿ ಇಪ್ಪತ್ತಾರು ವರ್ಷ ಅವರ ಪಕ್ಕದ ಮೇಜಿನಲ್ಲಿ ಕುಳಿತವಳು ನಾನು.

ಕಲ್ಲಿನ ಸಂದಿಗೆ ಸಿಮೆಂಟು ಬಳಿಯುವವರನ್ನು ಕಂಡರೆ ಅವರಿಗಾಗದು. ಏಣಿ ಹತ್ತಿ ತಾವೇ ಅದನ್ನು ಕೆರೆದು, ಸುಣ್ಣದ ಗಾರೆ ತುಂಬಿ ಇಳಿಯುತ್ತಿದ್ದರು. ತಿದ್ದಿ ಬದಲಾಯಿಸಿದ ಕಟ್ಟಡಕ್ಕೆ ಸ್ಮಾರಕ ಫಲಕ ಸಿಗದೆಂಬ ನಿಯಮವನ್ನು ಊರೆಲ್ಲ ಬಲ್ಲದು. ಒಮ್ಮೆ ಬಿಯರ್ ಅಂಗಡಿಯಲ್ಲಿ ಹ್ಯೂಗೋ ಎಂಬ ಕುರಿಸಾಕಣೆಯವನು ಅವರನ್ನು ಕೆಣಕಿದ: "ಅರ್ನೋ, ನಮ್ಮಜ್ಜಿಗೂ ಒಂದು ಫಲಕ ಹೊಡೀರಿ. ಅವಳೂ ಹಳೇದೇ!"

"ಎಲ್ಲೂ ರಿಪೇರಿ ಮಾಡ್ಸಿಲ್ಲ ಅಂತ ಬರ್ಕೊಡಪ್ಪ, ಹೊಡೀತೀನಿ."

ಅಜ್ಜಿ ಆಗತಾನೇ ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದರು. ಅಂಗಡಿಯವರೆಲ್ಲ ಬಿದ್ದು ಬಿದ್ದು ನಕ್ಕರು.

ಇಷ್ಟನ್ನೇ ಬರೆದು ಮುಗಿಸಿದ್ದರೆ ಅವರ ಗೌರವಕ್ಕೆಂದು ತರುತ್ತಿರುವ ಈ ಸಂಪುಟಕ್ಕೆ ಯಾವ ಕೊರತೆಯೂ ಆಗುತ್ತಿರಲಿಲ್ಲ. ಆದರೆ ನಾನು ಹೇಳಬೇಕಾದದ್ದು ಒಟ್ಟೀಲಿ ಅತ್ತೆಯ ಭಾನುವಾರದ ಮನೆಯ ಸಂಗತಿ.

ಭಾನುವಾರದ ಮನೆಗಳೆಂದರೆ, ದೂರದ ಹೊಲಮನೆಗಳವರು ಶನಿವಾರ ಸಂತೆಗೆ ಬಂದು, ಭಾನುವಾರ ಚರ್ಚು ಮುಗಿಸಿ, ಸಂಜೆಯ ಹಾಲು ಕರೆಯುವ ಹೊತ್ತಿಗೆ ಹಿಂತಿರುಗಲು ಊರೊಳಗೆ ಕಟ್ಟಿಕೊಂಡ ಒಂದೇ ಕೋಣೆಯ ಮನೆಗಳು. ನನ್ನಜ್ಜಿಗೂ ಒಂದಿತ್ತು, ಈಗ ಅಲ್ಲಿ ಪ್ರವಾಸಿಗರಿಗೆ ಪರಿಮಳದ ಮೇಣದಬತ್ತಿ ಮಾರುತ್ತಾರೆ. ಒಟ್ಟೀಲಿ ಕ್ಲಾರ್ನರ್ ಎಂಬ ಹಿರಿಯಾಕೆ, ಊರಿಗೆಲ್ಲ ಅತ್ತೆ, ತಮ್ಮದನ್ನು ಸಮಿತಿಗೆ ದಾನ ಕೊಟ್ಟರು. ನಾವು ಫಲಕ ಜಡಿದೆವು, ಅಡ್ಡ ಹಗ್ಗ ಕಟ್ಟಿದೆವು. ಕೂರಬಾರದು, ಮುಟ್ಟಬಾರದು, ಒಲೆ ಹಚ್ಚಬಾರದೆಂಬ ನಿಯಮಗಳನ್ನು ಬರೆದವರು ಅರ್ನೋ, ಬೆರಳಚ್ಚು ಮಾಡಿದವಳು ನಾನು.

ಹನ್ನೊಂದು ವರ್ಷದ ಹಿಂದೆ, ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ, ವೃದ್ಧಾಶ್ರಮದ ವ್ಯಾನಿನಿಂದ ಅತ್ತೆ ಇಳಿದರು. ತೊಂಬತ್ತು ದಾಟಿತ್ತು. ಕೈಚೀಲದಲ್ಲಿ ಒಂದು ಕೋಳಿ, ತಾವೇ ಕತ್ತರಿಸಿ ಒಣಗಿಸಿದ ನೂಡಲ್. ಹಗ್ಗದ ಈಚೆ ನಿಂತು ಕೇಳಿದರು:

"ಯಾಕೋ ಅರ್ನೋ, ನನ್ ಕುರ್ಚಿ ಮೇಲೆ ನಾನು ಕೂತ್ಕೋಬಾರ್ದಾ? ಒಂದೇ ಒಂದ್ಸಲ ಸೂಪ್ ಮಾಡ್ಕೊಂಡು ಹೋಗ್ತೀನಿ ಕಣೋ. ಇನ್ನೊಂದು ಚಳಿಗಾಲ ನೋಡ್ತೀನೋ ಇಲ್ವೋ."

"ನಿಯಮ ಇದೆ ಅತ್ತೆ," ಎಂದೆ ನಾನು.

"ನಿನ್ನ ಕೇಳ್ಲಿಲ್ಲ ಮೆಲಿಟಾ."

ಅರ್ನೋ, ಕುಣಿತದ ಮನೆಯ ಬೀಗ ನೋಡಿಕೊಂಡು ಬಾ ಎಂದು ನನ್ನನ್ನು ಕಳಿಸಿದರು. ನಾನು ಮರಳಿದಾಗ ಹೊಗೆಗೂಡಿನಿಂದ ಹೊಗೆ ಏಳುತ್ತಿತ್ತು. ಹಗ್ಗ ಕಳಚಿತ್ತು. ಅರ್ನೋ ಅಂಗಿಯ ತೋಳು ಮಡಚಿ ಸೂಪು ತಿರುವುತ್ತಿದ್ದರು, ಅತ್ತೆ ಕುರ್ಚಿಯಲ್ಲಿ ಕೂತು, "ಸುಣ್ಣ ಕಲಸ್ದಂಗೆ ಕಲಸ್ತೀಯಲ್ಲೋ!" ಎಂದು ಬಯ್ಯುತ್ತಿದ್ದರು. ಆ ವಾಸನೆ ನನ್ನಜ್ಜಿಯ ಶನಿವಾರಗಳ ವಾಸನೆ. ನನಗೆ ಅಳು ಬಂತು, ಅದರ ಬೆನ್ನಿಗೇ ಹೊಟ್ಟೆಕಿಚ್ಚು. ನನ್ನಜ್ಜಿಗೆ ಯಾರೂ ಹೀಗೆ ಒಲೆ ಹಚ್ಚಿಕೊಟ್ಟಿರಲಿಲ್ಲ. ಒಳಗೆ ಹೋಗದೆ ಕಚೇರಿಗೆ ನಡೆದು, ಹೆಸರಿಲ್ಲದ ದೂರೊಂದನ್ನು ಬರೆದು ಸಮಿತಿಯ ಪೆಟ್ಟಿಗೆಗೆ ಹಾಕಿದೆ.

ಸಮಿತಿ ಅವರಿಗೆ ಛೀಮಾರಿ ಹಾಕಿತು. ಕೈಗೆ ಬಂದಿದ್ದ ನಿರ್ದೇಶಕರ ಹುದ್ದೆ ತಪ್ಪಿಹೋಯಿತು. ಆ ಮನೆಯ ಬೀಗದ ಕೈಯನ್ನು ಅವರಿಂದ ಕಿತ್ತು ಕೊಟ್ಟದ್ದು ಯಾರಿಗೆ? ನನಗೆ. ಜನವರಿಯಲ್ಲಿ ಅತ್ತೆ ತೀರಿಕೊಂಡರು. ಅಲ್ಲಿಂದಾಚೆ ಹನ್ನೊಂದು ವರ್ಷ, ಮಾಡು ಸೋರಿದರೂ ಗೆದ್ದಲು ಹತ್ತಿದರೂ, ಅರ್ನೋ ನನ್ನ ಮೇಜಿನ ಮುಂದೆ ಬಂದು ನಿಂತು, "ಮೆಲಿಟಾ, ಬೀಗದ ಕೈ ಕೊಡ್ತೀಯಮ್ಮಾ?" ಎಂದು ಕೇಳಬೇಕಾಯಿತು. ಆ ದನಿಯಲ್ಲಿ ಒಂದು ದಿನವೂ ಕಹಿ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಈ ಲೇಖನಕ್ಕೆ ಸಂಪಾದಕರು ಕೇಳಿದಾಗ ಎರಡು ಪುಟ ಹೊಗಳಿ ಬರೆದೆ, ಹರಿದುಹಾಕಿದೆ. ಮರುದಿನ ಅವರ ಮನೆಗೆ ಹೋದೆ. ಜಗಲಿಯಲ್ಲಿ ಪೀಕನ್ ಕಾಯಿ ಒಡೆಯುತ್ತಾ ಕುಳಿತಿದ್ದರು. ಆ ದೂರು ಬರೆದವಳು ನಾನೇ ಎಂದು ನಿಂತೇ ಹೇಳಿಬಿಟ್ಟೆ.

"ಗೊತ್ತು," ಎಂದರು. "ಕಿಟಕೀಲಿ ನಿನ್ನ ನೋಡ್ದೆ. ಅತ್ತೇನೂ ನೋಡಿದ್ರು. ಮೂರು ತಟ್ಟೆ ಇಟ್ಟಿದ್ರು ಕಣಮ್ಮ. ನೀನು ಬರ್ತೀಯ ಅಂತ ಸೂಪ್ ಆರೋತನಕ ಕಾದ್ವಿ."

ಆ ತಟ್ಟೆಯ ಮುಂದೆ ಒಮ್ಮೆ ಕೂರಲು ನನ್ನ ಇಪ್ಪತ್ತಾರು ವರ್ಷದ ನೌಕರಿಯನ್ನು ಕೊಟ್ಟೇನು. ಕೊಳ್ಳುವವರಿಲ್ಲ.

ಶ್ರೀ ಅರ್ನೋ ವೆಹ್ಮಯರ್ ಅವರು ನೂರು ಕಾಣಲಿ. ಹಳೆಯ ಸ್ಮಶಾನದ ಕಲ್ಲುಗಳನ್ನು ಓದಿ ಬರೆದಿಡುವ ಕೆಲಸ ಅರ್ಧಕ್ಕೆ ನಿಂತಿದೆ. ಅದನ್ನು ಅವರ ಕೈಯೇ ಮುಗಿಸಲಿ. ಬೇಡವೆಂದರೂ ಜೊತೆಗೆ ನಾನಿರುತ್ತೇನೆ. ಈ ಸಲ ಅವರು ಕರೆಯಲಿಲ್ಲವೆಂದು ಹೊರಗಿನಿಂದಲೇ ಹಿಂತಿರುಗುವುದಿಲ್ಲ.